ರೋಗ ಒಂದು ಊರಲ್ಲಿ, ಅನುದಾನ ಇನ್ನೊಂದು ಊರಲ್ಲಿ

ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದ 2,800 ಜನರಿಗೆ 2019ರ ಆಗಸ್ಟ್‌ನಿಂದ ತಿಂಗಳಿಗೆ ಹತ್ತು ಕಿಲೋ ತೂಕದ ಆಹಾರದ ಚೀಲ ತಲುಪತೊಡಗಿತು. ಅದರಲ್ಲಿದ್ದದ್ದು ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಅಡುಗೆ ಎಣ್ಣೆ. ಸುಮಾರು ಅರ್ಧದಷ್ಟು ರೋಗಿಗಳ ಮನೆಯವರಿಗೂ ಅಕ್ಕಿ-ಬೇಳೆ ಕೊಟ್ಟರು. ಉಳಿದ ಮನೆಗಳಲ್ಲಿ ಚೀಲ ಬಂದದ್ದು ರೋಗಿಗೆ ಮಾತ್ರ. ಒಟ್ಟು 10,345 ಮನೆಮಂದಿಯನ್ನು 2022ರ ಜುಲೈವರೆಗೆ ಗಮನಿಸಿದರು. ಇಡೀ ಮನೆಗೆ ಆಹಾರ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು, ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕ ಹಿಡಿದರೆ ಶೇ. 48ರಷ್ಟು. ‘ರೇಷನ್ಸ್’ ಎಂಬ ಹೆಸರಿನ ಈ ಅಧ್ಯಯನದ ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಎರಡು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮುಂದೆ ನಿಂತು ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಹಣ ಬಂದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ, ಅಂದರೆ ಐಸಿಎಂಆರ್‌ನಿಂದ.

ಅಕ್ಕಿ-ಬೇಳೆಗೆ ಪೇಟೆಂಟ್ ಸಿಗುವುದಿಲ್ಲ. ಹೊಟ್ಟೆ ತುಂಬಿದ ಮನೆಯಲ್ಲಿ ಕ್ಷಯ ಕಡಿಮೆಯಾಗುತ್ತದೆಯೇ ಎಂದು ತಿಳಿಯಲು ಯಾವ ಔಷಧ ಕಂಪನಿಯೂ ಹಣ ಹೂಡಲಾರದು, ಹೂಡಬೇಕೆಂದು ಕೇಳುವುದೂ ತಪ್ಪು. ಇಂಥ ಪ್ರಶ್ನೆಗೆ ಸರ್ಕಾರದ ಬೊಕ್ಕಸವೇ ಗತಿ. ಆರೋಗ್ಯ ಸಂಶೋಧನೆಗೆ ಸಾರ್ವಜನಿಕ ಹಣ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಚೀಲವನ್ನೇ.

ಇದಕ್ಕೊಂದು ಹಿನ್ನೆಲೆಯೂ ಇದೆ. 1956ರಲ್ಲಿ ಮದ್ರಾಸಿನಲ್ಲಿ ಐಸಿಎಂಆರ್, ಅಲ್ಲಿನ ರಾಜ್ಯ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಸೇರಿ ಕ್ಷಯ ಚಿಕಿತ್ಸಾ ಕೇಂದ್ರವೊಂದನ್ನು ತೆರೆದವು. ರೋಗಿಯನ್ನು ಸ್ಯಾನಟೋರಿಯಂಗೆ ಸೇರಿಸಿದರೆ ಮಾತ್ರ ಗುಣವಾಗುತ್ತದೆ ಎಂಬ ನಂಬಿಕೆಯ ಕಾಲ ಅದು. 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ಔಷಧಿ ಕೊಟ್ಟು ನೋಡಿದರು. ಮನೆಯಲ್ಲಿದ್ದವರ ಊಟ ಸ್ಯಾನಟೋರಿಯಂ ಊಟಕ್ಕಿಂತ ಕಳಪೆಯಾಗಿದ್ದರೂ ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. 1959ರಲ್ಲಿ ಪ್ರಕಟವಾದ ಆ ಅಧ್ಯಯನ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಮನೆಯ ಕಡೆಗೆ ತಿರುಗಿಸಿತು. ಅದರ ಜೊತೆಗೆ, ಔಷಧಿ ಇದ್ದರೆ ಊಟ ಮುಖ್ಯವಲ್ಲ ಎಂಬ ಭಾವನೆಯೂ ಬೇರೂರಿತು. ಆ ಮದ್ರಾಸ್ ಕೇಂದ್ರವೇ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ, ಮತ್ತು ರೇಷನ್ಸ್ ಅಧ್ಯಯನದಲ್ಲಿ ಕೈಜೋಡಿಸಿದ್ದೂ ಅದೇ ಸಂಸ್ಥೆ. ಆರು ದಶಕದ ಹಿಂದೆ ಬಿಟ್ಟುಹೋದ ಅರ್ಧ ಪ್ರಶ್ನೆಯನ್ನು ಅದೇ ಸರ್ಕಾರಿ ಹಣ ಮತ್ತೆ ಎತ್ತಿಕೊಂಡಿತು ಎನ್ನುವುದು ನನಗೆ ಈ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ.

ಇಂಥ ಹಣ ನಮ್ಮ ದೇಶದಲ್ಲಿ ಎಲ್ಲೆಲ್ಲಿದೆ? ಐಸಿಎಂಆರ್ ಅತ್ಯಂತ ಹಳೆಯದು. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಆಗಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆಯಿತು. ಅದರ ಮೇಲೆ 2007ರಿಂದ ಆರೋಗ್ಯ ಸಂಶೋಧನಾ ಇಲಾಖೆ ಇದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಈ ಇಲಾಖೆಗೆ ಸುಮಾರು ₹3,900 ಕೋಟಿ ಇಟ್ಟಿದ್ದರು. ಆರೋಗ್ಯ ಸಚಿವಾಲಯದ ಒಟ್ಟು ₹99,858 ಕೋಟಿಯಲ್ಲಿ ಇದು ಶೇ. 4ರಷ್ಟು. ಆ ಮೊತ್ತದಲ್ಲೂ ದೊಡ್ಡ ಪಾಲು ಐಸಿಎಂಆರ್‌ನ ಸ್ವಂತ ಸಂಸ್ಥೆಗಳ ಸಂಬಳ-ಸಾರಿಗೆ, ಕಟ್ಟಡ, ಕಾರ್ಯಕ್ರಮಗಳಿಗೆ ಹೋಗುತ್ತದೆ. ಹೊರಗಿನ ಕಾಲೇಜು, ಆಸ್ಪತ್ರೆಗಳವರು ಅರ್ಜಿ ಹಾಕಿ ಪಡೆಯುವ ಭಾಗಕ್ಕೆ ಬಾಹ್ಯ ಅನುದಾನ ಎನ್ನುತ್ತಾರೆ. ಈಚೆಗೆ ಅದನ್ನು ಹಂತಗಳಾಗಿ ವಿಂಗಡಿಸಿದ್ದಾರೆ: ₹2 ಕೋಟಿವರೆಗಿನ ಸಣ್ಣ ಅನುದಾನ, ಅದರ ಮೇಲೆ ₹8 ಕೋಟಿವರೆಗಿನ ಮಧ್ಯಮ ಅನುದಾನ, ಇನ್ನೂ ಮೇಲೆ ಉನ್ನತ ಸಂಶೋಧನಾ ಕೇಂದ್ರಗಳು. ₹2 ಕೋಟಿಯನ್ನು ಸಣ್ಣದೆಂದು ಕರೆಯುವ ಪದ್ಧತಿಯೇ ಜಿಲ್ಲಾ ಕೇಂದ್ರದ ಹೊಸ ಅಸಿಸ್ಟೆಂಟ್ ಪ್ರೊಫೆಸರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮೊದಲ ಬಾರಿ ಅರ್ಜಿ ಹಾಕುವವರಿಗೆ ಬೇಕಾಗುವುದು ಹಲವು ಸಲ ಐದೋ ಹತ್ತೋ ಲಕ್ಷ, ಒಬ್ಬ ಸಹಾಯಕ, ಒಂದು ಫ್ರೀಜರ್.

ಜೈವಿಕ ತಂತ್ರಜ್ಞಾನ ಇಲಾಖೆ 1986ರಲ್ಲಿ ಹುಟ್ಟಿತು. ಜೀವಕೋಶ, ಜೀನೋಮ್, ಲಸಿಕೆಗಳ ಕಡೆ ಅದರ ಒಲವು. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಗೆ ಹಣ ಕೊಟ್ಟದ್ದು ಇದೇ ಇಲಾಖೆ. ಮುಂದಾಳತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. ಹೊರದೇಶದಲ್ಲಿರುವ ನಮ್ಮ ವಿಜ್ಞಾನಿಗಳು ಮರಳಿ ಬರಲೆಂದು ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ, ಮಹಿಳಾ ವಿಜ್ಞಾನಿಗಳಿಗೆ ಬಯೋಕೇರ್ ಇದೆ. ಇಲಾಖೆಯ ಬೈರಾಕ್ ಸಂಸ್ಥೆ ಹೊಸ ಉಪಕರಣ, ಪರೀಕ್ಷಾ ಕಿಟ್ ಮಾಡಹೊರಟ ಸ್ಟಾರ್ಟಪ್‌ಗಳಿಗೆ ₹50 ಲಕ್ಷದವರೆಗಿನ ‘ಬಿಗ್’ ಅನುದಾನ ಕೊಡುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದನ್ನು ಹಂಚುವ ಪಾಲುದಾರ ಕೇಂದ್ರಗಳಲ್ಲೊಂದು.

ಇದೇ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್ ಫೆಲೋಶಿಪ್ಪುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಇದರಲ್ಲಿ ಹಣ ಯೋಜನೆಯ ಹೆಸರಿಗಲ್ಲ, ವ್ಯಕ್ತಿಯ ಹೆಸರಿಗೆ ಬರುತ್ತದೆ. ಐದು ವರ್ಷದ ನೆಮ್ಮದಿ ಇರುತ್ತದೆ. ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಮಾಡುವ ವೈದ್ಯರಿಗೂ ಸಾರ್ವಜನಿಕ ಆರೋಗ್ಯದವರಿಗೂ ಪ್ರತ್ಯೇಕ ಫೆಲೋಶಿಪ್ ಇದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದರ ಮೂರನೇ ಹಂತಕ್ಕೆ ₹1,500 ಕೋಟಿ ಒಪ್ಪಿತು. ಅದರಲ್ಲಿ ₹1,000 ಕೋಟಿ ನಮ್ಮ ಸರ್ಕಾರದ್ದು. ನಮ್ಮಲ್ಲಿರುವ ಎಲ್ಲ ಯೋಜನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಂಡೇನು.

ಇನ್ನು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದ ಇದು ಹಳೆಯ ಎಸ್‌ಇಆರ್‌ಬಿ ಮಂಡಳಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಐದು ವರ್ಷಕ್ಕೆ ₹50,000 ಕೋಟಿ ಎಂದು ಘೋಷಿಸಿದ್ದರಲ್ಲಿ ಸುಮಾರು ₹36,000 ಕೋಟಿ ಉದ್ಯಮ, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಲೆಕ್ಕಾಚಾರ. ದೇಶದ ಒಟ್ಟು ಸಂಶೋಧನಾ ವೆಚ್ಚ 2020-21ರಲ್ಲಿ ಜಿಡಿಪಿಯ ಶೇ. 0.64 ಮಾತ್ರ ಇತ್ತು, ಅದರಲ್ಲೂ ಖಾಸಗಿಯವರ ಪಾಲು ಕಡಿಮೆ. ಇಂಥ ಹಿನ್ನೆಲೆಯಲ್ಲಿ ಆ ಲೆಕ್ಕಾಚಾರದ ಮೇಲೆ ಭಾರ ಹಾಕಿ ಕೂರುವುದು ಅಪಾಯ. ಉದ್ಯಮದ ಹಣ ಬಂದರೆ ಅದು ಮಾರುವಂಥ ವಸ್ತುವಿನ ಕಡೆಗೇ ಬಂದೀತು. ಅಕ್ಕಿ-ಬೇಳೆಯ ಪ್ರಶ್ನೆಗೆ ಅಲ್ಲಿಂದ ಉತ್ತರ ಸಿಗುವುದಿಲ್ಲ.

ರಾಜ್ಯದ ಮಟ್ಟದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಧನ ಕೊಡುತ್ತದೆ. ರಾಜ್ಯ ಸರ್ಕಾರದ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುತ್ತ ಬಂದಿದೆ.

ಬಾಗಿಲುಗಳೇನೋ ಇಷ್ಟಿವೆ. ಒಳಗೆ ಹೋಗುತ್ತಿರುವವರು ಯಾರು ಎಂಬುದು ಇಡೀ ವಿಷಯದ ಗಂಟು.

ವೈದ್ಯ ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಒಂದು ಲೆಕ್ಕ ಮುಂದಿಟ್ಟರು. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳಿಂದ ಬಂದ ಪ್ರಬಂಧಗಳನ್ನು ಎಣಿಸಿದಾಗ, 332 ಸಂಸ್ಥೆಗಳಿಂದ ಒಂದೂ ಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪ್ರಕಟಿಸಿದ 25 ಸಂಸ್ಥೆಗಳೇ ಒಟ್ಟು ಪ್ರಬಂಧಗಳಲ್ಲಿ ಶೇ. 40ರಷ್ಟನ್ನು ಕೊಟ್ಟಿದ್ದವು. ಬಡ್ತಿಗೆ ಪ್ರಬಂಧ ಕಡ್ಡಾಯ, ಆ ಮೇಲೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸೂ ಕಡ್ಡಾಯವಾಯಿತು. ಪ್ರಬಂಧಗಳ ಸಂಖ್ಯೆ ಏರುವುದು ಒಂದು, ಊರಿನ ರೋಗದ ಬಗ್ಗೆ ಊರಲ್ಲೇ ಗಟ್ಟಿ ಉತ್ತರ ಹುಟ್ಟುವುದು ಇನ್ನೊಂದು. ನಮ್ಮಲ್ಲಿ ರೋಗಿಗಳಿರುವುದು ಕಲಬುರಗಿ, ಬಳ್ಳಾರಿ, ಚಾಮರಾಜನಗರದ ವಾರ್ಡುಗಳಲ್ಲಿ. ಅನುದಾನ ಬರೆಯುವ ಅಭ್ಯಾಸ, ಲೆಕ್ಕ ನೋಡುವ ಸಿಬ್ಬಂದಿ, ಸಂಖ್ಯಾಶಾಸ್ತ್ರಜ್ಞರು ಇರುವುದು ಬೆಂಗಳೂರಿನ ಹೆಬ್ಬಾಳ, ಯಶವಂತಪುರ, ಹೊಸೂರು ರಸ್ತೆಯ ಸುತ್ತ. ಯೆನೆಪೋಯದ ಉದಾಹರಣೆ ಅಷ್ಟು ಎದ್ದು ಕಾಣುವುದಕ್ಕೆ ಕಾರಣ ಅಂಥದ್ದು ಅಪರೂಪ ಎನ್ನುವುದೇ.

ಯಾಕೆ ಹೀಗೆ? ಜಿಲ್ಲೆಯ ಕಾಲೇಜಿನ ಮಧುಮೇಹದ ವೈದ್ಯೆಯೊಬ್ಬರು ಅರ್ಜಿ ಹಾಕಬೇಕೆಂದುಕೊಂಡರು ಎನ್ನಿ. ಕಾಲೇಜು ಖಾಸಗಿಯದಾದರೆ ಮೊದಲು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಮಾನ್ಯತೆ ಬೇಕು. ನೈತಿಕ ಸಮಿತಿ ನೋಂದಣಿಯಾಗಿರಬೇಕು, 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗೆ ತಕ್ಕಂತೆ ಸಭೆ ನಡೆಸಬೇಕು. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಾದ ಸಿಟಿಆರ್‌ಐಯಲ್ಲಿ ದಾಖಲಾಗಬೇಕು. ವಿದೇಶಿ ಸಹಭಾಗಿ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಇವೆಲ್ಲ ರೋಗಿಯ ರಕ್ಷಣೆಗೆ ಇರಬೇಕಾದವೇ. ಒಂದನ್ನೂ ಸಡಿಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ದೊಡ್ಡ ಸಂಸ್ಥೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಒಂದು ಕಚೇರಿಯೇ ಇರುತ್ತದೆ. ಜಿಲ್ಲೆಯಲ್ಲಿ ಈ ವೈದ್ಯೆ ಬೆಳಗ್ಗೆ ಓಪಿಡಿ, ಮಧ್ಯಾಹ್ನ ಪಾಠ, ರಾತ್ರಿ ಡ್ಯೂಟಿ ಮುಗಿಸಿ ಇದನ್ನು ಒಬ್ಬರೇ ಮಾಡಬೇಕು.

ಸರ್ಕಾರಿ ಕಾಲೇಜುಗಳಲ್ಲಿ ಈ ಕೊರತೆ ತುಂಬಲೆಂದೇ ಆರೋಗ್ಯ ಸಂಶೋಧನಾ ಇಲಾಖೆ ಬಹುಶಿಸ್ತೀಯ ಸಂಶೋಧನಾ ಘಟಕಗಳನ್ನು ತೆರೆಯಿತು. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಒಂದಿದೆ. ಉಪಕರಣ ಕೊಟ್ಟು, ಇಬ್ಬರು ವಿಜ್ಞಾನಿಗಳು, ಒಂದಿಷ್ಟು ತಂತ್ರಜ್ಞರನ್ನು ಇಡುವ ಈ ಯೋಜನೆಯ ಕಲ್ಪನೆ ಸರಿಯಾದದ್ದು. ವೈರಾಣು ಪತ್ತೆಯ ಪ್ರಯೋಗಾಲಯಗಳ ಜಾಲವೂ ಇದೇ ಇಲಾಖೆಯದು, ಕೋವಿಡ್ ಬಂದಾಗ ಆ ಜಾಲ ದೇಶಕ್ಕೆ ಆಧಾರವಾಯಿತು. ಇಂಥ ಘಟಕಗಳಲ್ಲಿ ಗುತ್ತಿಗೆ ಸಿಬ್ಬಂದಿ ಬಂದು ಹೋಗುತ್ತಲೇ ಇದ್ದರೆ ಯಂತ್ರವೊಂದೇ ಉಳಿಯುತ್ತದೆ. ಅದರ ಮುಂದೆ ಕೂತು ಕೆಲಸ ಮಾಡಬಲ್ಲ ಕೈಗಳಿಗೆ ನೆಲೆ ಕೊಡುವ ನಿಯಮ ಇನ್ನೂ ಆಗಬೇಕು.

ಮಂಜೂರಾದ ಮೇಲಿನ ಕಷ್ಟಗಳು ಬೇರೆ. ಮೊದಲ ಕಂತು ಬಂದು, ಅದರ ಬಳಕೆ ಪ್ರಮಾಣಪತ್ರ (ಯುಸಿ) ಹೋಗಿ, ಆಮೇಲೆ ಎರಡನೇ ಕಂತು. ಈಗ ಹಣ ಖಜಾನೆಯ ಖಾತೆಯಲ್ಲೇ ಇದ್ದು, ಬೇಕಾದಾಗ ಪಡೆಯುವ ವ್ಯವಸ್ಥೆ ಹಲವು ಅನುದಾನಗಳಿಗೆ ಬಂದಿದೆ. ಮಾರ್ಚ್ 31ಕ್ಕೆ ಉಳಿದದ್ದು ಲ್ಯಾಪ್ಸ್ ಆಗುತ್ತದೆ. ಲೆಕ್ಕ ಅಚ್ಚುಕಟ್ಟಾಗಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಕಾಯಿಲೆಗೆ ಆರ್ಥಿಕ ವರ್ಷ ಗೊತ್ತಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಹಣಕ್ಕೆ ಕಾಯುವ ಯೋಜನೆ ಮುಂಗಾರಿನ ಡೆಂಗಿಯನ್ನು ಹಿಡಿಯಲಾರದು. ಎಲ್ಲಕ್ಕಿಂತ ಹೆಚ್ಚು ನೋಯುವವರು ಯೋಜನೆಯ ಕಿರಿಯ ಸಂಶೋಧಕರು, ಅಂದರೆ ಜೆಆರ್‌ಎಫ್‌ಗಳು. 2023ರ ಜನವರಿಯಿಂದ ಅವರ ಫೆಲೋಶಿಪ್ ₹31,000ದಿಂದ ₹37,000ಕ್ಕೆ ಏರಿತು; ಅದು ತಿಂಗಳು ತಿಂಗಳು ಕೈಸೇರದಿದ್ದರೆ ಏರಿಸಿದ್ದಕ್ಕೆ ಅರ್ಥವಿಲ್ಲ. ಬಾಡಿಗೆ ಮನೆಯಲ್ಲಿದ್ದು, ಊರಿಗೆ ಹಣ ಕಳಿಸಬೇಕಾದ ಹುಡುಗಿಗೆ ನಾಲ್ಕು ತಿಂಗಳು ಬಾಕಿ ಉಳಿದರೆ ಅವಳು ಸಂಶೋಧನೆ ಬಿಟ್ಟು ಕಂಪನಿ ಸೇರುತ್ತಾಳೆ, ಸೇರಬೇಕಾದದ್ದೂ ಸರಿಯೇ.

ಕೆಲವು ಗಂಟುಗಳು ಈಚೆಗೆ ಬಿಚ್ಚಿವೆ ಎಂದು ಒಪ್ಪಬೇಕು. ವಿಜ್ಞಾನದ ಉಪಕರಣ, ರಾಸಾಯನಿಕಗಳನ್ನು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲೇ ಕೊಳ್ಳಬೇಕೆಂಬ ಕಟ್ಟು 2025ರ ಜೂನ್‌ನಲ್ಲಿ ಸಡಿಲವಾಯಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ₹1 ಲಕ್ಷದಿಂದ ₹2 ಲಕ್ಷಕ್ಕೆ ಏರಿತು. ಅನುದಾನದ ಮೇಲೆ ಜಿಎಸ್‌ಟಿ ಕಟ್ಟಿ ಎಂಬ ನೋಟಿಸುಗಳು ದೊಡ್ಡ ಸಂಸ್ಥೆಗಳಿಗೂ ಹೋಗಿದ್ದವು; 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಕೊಟ್ಟಿತು. ಅದೇ ವರ್ಷದ ಜುಲೈ ಬಜೆಟ್ಟಿನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕವನ್ನು ಶೇ. 150ಕ್ಕೆ ಏರಿಸಿ, ವಿಜ್ಞಾನಿಗಳು ಎಚ್ಚರಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡರು. ಹೇಳಿದರೆ ಕೇಳುವವರಿದ್ದಾರೆ ಎಂಬುದಕ್ಕೆ ಇವು ಸಾಕ್ಷಿ.

ಇನ್ನೊಂದು ದೊಡ್ಡ ಕೊರತೆ ಹಣದ ಆಯುಷ್ಯದ್ದು. ಇದು ನಮ್ಮ ಮಲೆನಾಡಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಯವರಿಗೆ ಜ್ವರ ಬಂತು. ಐಸಿಎಂಆರ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ಐದು ವರ್ಷ ಮೊದಲು ತೆರೆದಿದ್ದ ವೈರಾಣು ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನೂ ಅದನ್ನು ಹರಡುವ ಉಣ್ಣೆಯನ್ನೂ ಗುರುತಿಸಿದರು. ಮಂಗನ ಕಾಯಿಲೆಯ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗಿ 1990ರಿಂದ ಬಳಕೆಗೆ ಬಂತು. ಅದರ ಪ್ರಭಾವದ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು: ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಅಷ್ಟರಲ್ಲಿ ರೋಗ ಶಿವಮೊಗ್ಗದ ಗಡಿ ದಾಟಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಕ್ಕೂ ಹೋಯಿತು. ಹೊಸ ಲಸಿಕೆಗೆ ದುಡ್ಡಿಡಬೇಕಾದ ಸಮಯ ಅದಾಗಿತ್ತು. 2022ರಲ್ಲಿ ಹಳೆಯ ಲಸಿಕೆ ನಿಂತಿತು. ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗೂಡಿ ಹೊಸದರ ಕೆಲಸ ಹಿಡಿದದ್ದು ಅದರ ನಂತರ. ನಡುವಿನ ಬೇಸಿಗೆಗಳಲ್ಲಿ ದರಕು ತರಲು, ದನ ಮೇಯಿಸಲು ಕಾಡಿಗೆ ಹೋದ ಬಡವರಿಗೆ ಹಚ್ಚಿಕೊಳ್ಳುವ ಎಣ್ಣೆಯೊಂದೇ ರಕ್ಷಣೆಯಾಯಿತು. ಸಾವು ಹೆಚ್ಚಾದ ವರ್ಷ ಹಣ ಬರುತ್ತದೆ, ಮಳೆ ಬಿದ್ದು ಜ್ವರ ಇಳಿದ ಮೇಲೆ ಕಡತ ಕೆಳಗೆ ಸೇರುತ್ತದೆ. ಕೆಲವೇ ತಾಲೂಕುಗಳ ರೋಗಕ್ಕೆ ಮಾರುಕಟ್ಟೆ ಇಲ್ಲ, ದೊಡ್ಡ ಮತವೂ ಇಲ್ಲ. ಅಂಥ ರೋಗಕ್ಕೇ ಸರ್ಕಾರದ ಅನುದಾನ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸಿಗುತ್ತಿರಬೇಕು.

ಹಾಗೆ ಬಿಡದೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ರೋಟಾವೈರಸ್ ಲಸಿಕೆ ಇದೆ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಿಂದ ಒಂದು ತಳಿ ಸಿಕ್ಕಿತು. ಬೆಂಗಳೂರಿನ ಶಿಶುಗಳಿಂದ ಭಾರತೀಯ ವಿಜ್ಞಾನ ಸಂಸ್ಥೆಯವರು ಇನ್ನೊಂದನ್ನು ಹಿಡಿದರು. ಎರಡನ್ನೂ ಪರೀಕ್ಷಿಸಿ, ಕೊನೆಗೆ ದೆಹಲಿಯ ತಳಿಯಿಂದ ರೋಟಾವ್ಯಾಕ್ ಆಯಿತು. 2014ರಲ್ಲಿ ಪರವಾನಗಿ, 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರ್ಪಡೆ. ಜೈವಿಕ ತಂತ್ರಜ್ಞಾನ ಇಲಾಖೆ ಸರ್ಕಾರಗಳು ಬದಲಾದರೂ ಕೈಬಿಡಲಿಲ್ಲ. ಅಮೆರಿಕದ ಎನ್‌ಐಎಚ್, ಗೇಟ್ಸ್ ಪ್ರತಿಷ್ಠಾನದ ನೆರವೂ ಸೇರಿತು. ಬೆಂಗಳೂರಿನ ತಳಿ ಲಸಿಕೆಯಾಗಲಿಲ್ಲ ಎಂದು ಆ ಹಣ ದಂಡವಾಯಿತೆನ್ನಲಾಗದು. ಎರಡು ದಾರಿ ಹಿಡಿದದ್ದರಿಂದಲೇ ಒಂದು ಗುರಿ ಮುಟ್ಟಿತು.

ಮೈಸೂರಿನಲ್ಲಿ ಇನ್ನೊಂದು ದೀರ್ಘ ಅಧ್ಯಯನ ಇದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಜನನ ದಾಖಲೆಗಳನ್ನು ಹಿಡಿದು, ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ಮುಂದೆ ಹೃದ್ರೋಗ, ಮಧುಮೇಹ ಹೇಗೆ ಬರುತ್ತದೆ ಎಂದು ದಶಕಗಳಿಂದ ನೋಡುತ್ತಿದ್ದಾರೆ. ಮೈಸೂರಿನ ತಾಯಂದಿರ, ಮಕ್ಕಳ ರಕ್ತದಿಂದ ಬಂದ ಈ ಜ್ಞಾನ ಜಗತ್ತಿನ ಪಠ್ಯಗಳಲ್ಲಿದೆ. ಅದನ್ನು ಬಹುಕಾಲ ಸಾಕಿದ್ದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ವೆಲ್‌ಕಮ್ ಟ್ರಸ್ಟ್, ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್. ಅವರಿಗೆ ನಾವು ಋಣಿಗಳು. ಆದರೆ ಹೊರಗಿನ ಹಣ ಯಾವಾಗ ನಿಲ್ಲುತ್ತದೋ ಹೇಳಲಾಗದು. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ಸಂಸ್ಥೆಗಳ ಮೂಲಕ ಹೊರದೇಶದ ಸಹಭಾಗಿಗಳಿಗೆ ಹೋಗುತ್ತಿದ್ದ ಉಪ-ಅನುದಾನಗಳನ್ನು ಹೊಸದಾಗಿ ಕೊಡುವುದನ್ನು ತಡೆಹಿಡಿಯಿತು. ಇಲ್ಲಿ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾಯ್ದೆಯ ಕಟ್ಟುಗಳೂ ಬಿಗಿಯಾಗಿವೆ. ವಿದೇಶಿ ಸಹಭಾಗಿಯ ಬೆನ್ನ ಮೇಲೆ ನಡೆಯುತ್ತಿದ್ದ ನಮ್ಮ ಜನರ ಅಧ್ಯಯನಗಳನ್ನು ಇನ್ನು ನಾವೇ ಹೊರಬೇಕು.

ಎಲ್ಲಿಂದ ಶುರುಮಾಡಬೇಕು? ನನ್ನ ಮಟ್ಟಿಗೆ, ಕೆಳಗಿನಿಂದ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಣ್ಣ ಸಂಶೋಧನೆಗೆ ಐಸಿಎಂಆರ್ 1979ರಿಂದ ಎಸ್‌ಟಿಎಸ್ ಎಂಬ ವಿದ್ಯಾರ್ಥಿವೇತನ ಕೊಡುತ್ತಿದೆ. ಖರ್ಚಿಗೆ ಹೋಲಿಸಿದರೆ ಅದರಷ್ಟು ಫಲ ಕೊಡುವ ಯೋಜನೆ ಇನ್ನೊಂದಿಲ್ಲ ಎನಿಸುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಪ್ರಶ್ನೆ ಕೇಳುವ ರುಚಿ ಹತ್ತಿದವರು ಮುಂದೆ ದೊಡ್ಡ ಅರ್ಜಿಗೂ ಹೆದರುವುದಿಲ್ಲ. ಅದರ ಮೇಲಿನ ಮೆಟ್ಟಿಲು ಎಂಡಿ, ಎಂಎಸ್ ಥೀಸಿಸ್. ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಇದನ್ನು ಬರೆಯಲೇಬೇಕು, ಬಹುತೇಕರು ಕೈಯಿಂದ ಖರ್ಚು ಮಾಡಿ, ಒಂದೇ ಆಸ್ಪತ್ರೆಯ ಐವತ್ತು-ಅರವತ್ತು ರೋಗಿಗಳನ್ನು ಹಿಡಿದು ಬರೆಯುತ್ತಾರೆ. ಅಷ್ಟು ಚಿಕ್ಕ ಸಂಖ್ಯೆಯಿಂದ ಹಲವು ಪ್ರಶ್ನೆಗಳಿಗೆ ಗಟ್ಟಿ ಉತ್ತರ ಸಿಗುವುದಿಲ್ಲ. ಅದೇ ಹತ್ತು ಕಾಲೇಜಿನ ಹತ್ತು ಜನ ಒಂದೇ ಪ್ರಶ್ನೆಯನ್ನು ಒಂದೇ ನಮೂನೆಯಲ್ಲಿ ಕೇಳಿದರೆ ಚಿತ್ರವೇ ಬೇರೆ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. 2024ರಲ್ಲಿ ಕರ್ನಾಟಕ ಅದನ್ನು ಅಧಿಸೂಚಿತ ರೋಗವನ್ನಾಗಿ ಘೋಷಿಸಿತು. ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ನಾವು ಬಳಸುವ ಪ್ರತಿವಿಷ ಬಹುಮಟ್ಟಿಗೆ ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾಗುತ್ತದೆ, ಮತ್ತು ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸಿದೆ. ಅವರಿಗೆ ಇಂಡಿಯಾ ಅಲಯನ್ಸ್ ಫೆಲೋಶಿಪ್ಪಿನ ಬೆಂಬಲ ಸಿಕ್ಕಿತ್ತು. ಹಾಗಾದರೆ ರಾಯಚೂರಿನ ಕೊಳಕುಮಂಡಲ ಕಚ್ಚಿದವರಿಗೆ ಎಷ್ಟು ಬಾಟಲಿ ಬೇಕಾಗುತ್ತಿದೆ, ಹಾಸನದವರಿಗೆ ಎಷ್ಟು? ಎಷ್ಟು ಜನರ ಕಿಡ್ನಿ ಕೆಡುತ್ತಿದೆ? ಆಸ್ಪತ್ರೆ ಮುಟ್ಟಲು ಎಷ್ಟು ಗಂಟೆ ಹಿಡಿಯುತ್ತಿದೆ? ಇದಕ್ಕೆ ₹2 ಕೋಟಿ ಬೇಡ. ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಹತ್ತು ಕಾಲೇಜುಗಳ ಮೆಡಿಸಿನ್ ವಿಭಾಗದಿಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಆರಿಸಿ, ತಲಾ ಒಂದೆರಡು ಲಕ್ಷ ಕೊಟ್ಟು, ಎಲ್ಲರಿಗೂ ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನು ಒದಗಿಸಿದರೆ ಎರಡು ವರ್ಷದಲ್ಲಿ ರಾಜ್ಯದ ನಕ್ಷೆ ಸಿಗುತ್ತದೆ. ರಕ್ತಹೀನತೆಗೂ, ಚಾಮರಾಜನಗರದ ಆದಿವಾಸಿಗಳ ಕುಡುಗೋಲು ಕಣ ರೋಗಕ್ಕೂ ಹೀಗೇ ಮಾಡಬಹುದು. ಆ ಹತ್ತು ವಿದ್ಯಾರ್ಥಿಗಳಲ್ಲಿ ಇಬ್ಬರಾದರೂ ಆಮೇಲೆ ತಮ್ಮ ಜಿಲ್ಲೆಯ ಕಾಲೇಜಿನಲ್ಲೇ ಅಧ್ಯಾಪಕರಾಗಿ ಉಳಿದು, ಐಸಿಎಂಆರ್‌ನ ಮುಂದಿನ ಕರೆಗೆ ತಮ್ಮದೇ ಅಂಕಿಅಂಶ ಇಟ್ಟುಕೊಂಡು ಅರ್ಜಿ ಹಾಕುತ್ತಾರೆ.